ಚಕ್ರಪಾಣಿಯ ಒಂದು ದಿನದ ರಜೆ

ಗುಂಡಿ ಒತ್ತಿದ ಮೇಲೆ ಇನ್ನೈದು ಸೆಕೆಂಡು ಕೈಕಟ್ಟಿ ಕೂತಿದ್ದರೆ ನಮ್ಮ ಚಕ್ರಪಾಣಿಗೆ ಇಷ್ಟೆಲ್ಲ ಪಾಡು ಬರುತ್ತಿರಲಿಲ್ಲ.

ಚಕ್ರಪಾಣಿ ಅವನ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಅಲ್ಲಿನ ರಜೆ ಅರ್ಜಿಯ ವೆಬ್ ಪುಟ ಬರೆದವನು ಅವನೇ. ಗುಂಡಿ ಒತ್ತಿದರೆ ಪರದೆಯ ಮೇಲೆ ಚಕ್ರವೊಂದು ತಿರುಗುತ್ತದೆ. ಸರ್ವರ್ ರಜೆ ಕೊಟ್ಟರೆ ಚಕ್ರ ನಿಂತು 'ಆಯಿತು' ಎಂದು ಬರುತ್ತದೆ. ಆ ಪುಟಕ್ಕೆ ಗೊತ್ತಿದ್ದ ಸ್ಥಿತಿಗಳು ಈ ಎರಡೇ.

"ಅರ್ಜಿ ತಿರಸ್ಕಾರ ಆದ್ರೆ ಏನು ತೋರಿಸ್ತೀರಿ?" ಎಂದು ಪುಟವನ್ನು ಪರೀಕ್ಷಿಸಿದವಳು ಆಗಲೇ ಕೇಳಿದ್ದಳು.

"ನನ್ನ ಕೋಡಿಗೆ ಸೋತು ಅಭ್ಯಾಸ ಇಲ್ಲ ಮೇಡಂ" ಎಂದು ಇವನು ಇಲ್ಲದ ಮೀಸೆ ತಿರುವಿದ್ದ. ಮ್ಯಾನೇಜರಂತೂ ಅದನ್ನು ನಂಬಿ, ಇನ್ನು ಮೇಲೆ ಯಾರೂ ರಜೆಯನ್ನು ಬಾಯಲ್ಲಿ ಕೇಳಕೂಡದು ಎಂದು ಅಪ್ಪಣೆ ಹೊರಡಿಸಿಬಿಟ್ಟಿದ್ದರು.

ಆ ದಿನ ಬೆಳಗ್ಗೆ ಹೆಂಡತಿ ಬಾಗಿಲಲ್ಲೇ ತಡೆದಳು. "ಆರು ವರ್ಷದಿಂದ ಸಮುದ್ರ ಸಮುದ್ರ ಅಂತ ಬಾಯಿ ಬಡ್ಕೊಂಡಿದ್ದೀನಿ ರೀ. ನಾಳೆ ಬೆಳಗ್ಗೆ ಟೂರಿನ ಬಸ್ಸು, ನೀವಿನ್ನೂ ರಜೆ ಹಾಕಿಲ್ಲ. ಸಿಕ್ತಾ, ಇಲ್ವಾ, ಐದು ಗಂಟೆ ಒಳಗೆ ಹೇಳಿ. ಆಮೇಲೆ ಟಿಕೆಟಲ್ಲಿ ಹೆಸರು ಬದಲಾಯಿಸೋಕಾಗಲ್ಲ. ನಿಮಗಾಗದಿದ್ರೆ ನಮ್ಮಮ್ಮನ್ನ ಕರ್ಕೊಂಡು ಹೋಗ್ತೀನಿ."

"ನನ್ನದೇ ಪುಟ ಕಣೇ, ಎರಡು ನಿಮಿಷದ ಕೆಲಸ" ಎಂದು ಹೊರಟ.

ಹತ್ತು ಗಂಟೆ ಎರಡು ನಿಮಿಷಕ್ಕೆ ಗುಂಡಿ ಒತ್ತಿದ. ಚಕ್ರ ತಿರುಗಿತು. ಪಕ್ಕದ ಕುರ್ಚಿಯ ಚಿತ್ರಗಾರ, ಆ ಚಕ್ರಕ್ಕೆ ನೀಲಿ ಬಣ್ಣ ಕೊಟ್ಟ ಮಹಾಶಯ, ಕತ್ತು ಚಾಚಿದ. "ಇನ್ನೊಂದ್ಸಲ ಒತ್ರೀ. ಮೊದಲನೇದು ದಾರಿ ತಪ್ಪಿರುತ್ತೆ."

ಚಕ್ರಪಾಣಿ ಒತ್ತಿದ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು.

"ಮುಚ್ಚಿ ತೆಗೀರಿ" ಎಂದರು ಒಬ್ಬರು. ಮುಚ್ಚಿ, ತೆಗೆದು, ಒತ್ತಿದ. "ನನ್ನ ಕಂಪ್ಯೂಟರಲ್ಲಿ ಹಾಕಿ, ಅದರ ಕೈಗುಣ ಚೆನ್ನಾಗಿದೆ" ಎಂದರು ಇನ್ನೊಬ್ಬರು. ಅಲ್ಲೂ ಒತ್ತಿದ. ಕಾವಲುಗಾರ ಬಂದು, ಲಿಫ್ಟಿನ ಗುಂಡಿಯೂ ಹೀಗೇ, ಹೆಬ್ಬೆರಳಲ್ಲಿ ಒತ್ತಿದರೇ ಕೇಳೋದು ಎಂದ. ಹೆಬ್ಬೆರಳಲ್ಲೂ ಆಯಿತು. ಮಧ್ಯಾಹ್ನದ ಹೊತ್ತಿಗೆ ಅವನ ಮೇಜಿನ ಸುತ್ತ ಅಪಘಾತ ನಡೆದ ಜಾಗದಂತೆ ಜನ ಸೇರಿದ್ದರು. ಬಾರದವಳು ಪರೀಕ್ಷೆಯವಳೊಬ್ಬಳೇ. ದೂರದಲ್ಲಿ ಕೂತು ನೆಮ್ಮದಿಯಾಗಿ ಊಟ ಮಾಡುತ್ತಿದ್ದಳು. ಅವಳನ್ನು ಕೇಳುವುದಕ್ಕಿಂತ ಕೆಲಸ ಬಿಡುವುದೇ ವಾಸಿ ಎಂದುಕೊಂಡ.

ಹೆಂಡತಿಯ ಫೋನು ಗಂಟೆಗೊಂದು. "ಏನಾಯ್ತು?"

"ತಿರುಗ್ತಾ ಇದೆ."

"ಅಂದ್ರೆ ಸಿಕ್ತೋ, ಇಲ್ವೋ?"

"ಅದು ಎರಡೂ ಅಲ್ಲ ಕಣೇ, ತಿರುಗ್ತಾ ಇದೆ."

ಐದಕ್ಕೆ ಐದು ನಿಮಿಷವಿದ್ದಾಗಲೂ ಅದೇ ಉತ್ತರ. ಅವಳು ಪಟ್ಟನೆ ಫೋನಿಟ್ಟಳು. ಈಗ ಅವನಿಗೆ ನಿಜಕ್ಕೂ ಭಯವಾಯಿತು. ಮಾನ ಮರ್ಯಾದೆ ಬಿಟ್ಟು ಪರೀಕ್ಷೆಯವಳ ಮುಂದೆ ಹೋಗಿ ನಿಂತ.

ಅವಳು ಸರ್ವರಿನ ಪಟ್ಟಿ ತೆಗೆದಳು. "ಹತ್ತು ಎರಡಕ್ಕೇ ರಜೆ ಸಿಕ್ಕಿದೆಯಲ್ಲ! ಆಮೇಲೆ ಕಳಿಸಿದ ಮೂವತ್ತೊಂದು ಅರ್ಜಿ 'ಆ ದಿನ ಆಗಲೇ ರಜೆ ಕೊಟ್ಟಾಗಿದೆ' ಅಂತ ತಿರಸ್ಕಾರ ಆಗಿವೆ. ಮೊದಲನೇದರ ಉತ್ತರ ಬರೋ ಮೊದಲೇ ಎರಡನೇದು ಕಳಿಸಿದ್ದೀರಿ. ನಿಮ್ಮ ಪುಟ ಕೊನೇ ಅರ್ಜಿಯ ಉತ್ತರ ಮಾತ್ರ ಕಾಯುತ್ತೆ. ತಿರಸ್ಕಾರ ತೋರಿಸೋಕೆ ನೀವು ಜಾಗನೇ ಇಟ್ಟಿಲ್ಲ. ಪಾಪ, ಚಕ್ರ ಇನ್ನೇನು ಮಾಡುತ್ತೆ?"

ಅವನು ಮನೆಗೆ ಫೋನು ಮಾಡಿ "ಸಿಕ್ತು ಕಣೇ! ಬೆಳಗ್ಗೇನೇ ಸಿಕ್ಕಿತ್ತಂತೆ!" ಎಂದು ಕೂಗಿದ.

"ಒಳ್ಳೇದಾಯ್ತು ಬಿಡಿ, ಮನೇಲಿ ಮಲಗಿ. ಐದಕ್ಕೆ ಎರಡು ನಿಮಿಷ ಇರುವಾಗ ಅಮ್ಮನ ಹೆಸರು ಹಾಕಿಸಿದೆ. ಅವರಾಗಲೇ ಚೀಲ ಕಟ್ಕೊಂಡು ಬಾಗಿಲಲ್ಲಿ ಕೂತಿದ್ದಾರೆ."

ಮುಖ ಸಣ್ಣಗೆ ಮಾಡಿಕೊಂಡು ಮ್ಯಾನೇಜರ ಕೋಣೆಗೆ ಹೋದ. "ಸಾರ್, ನಾಳೆ ಕೆಲಸಕ್ಕೆ ಬರ್ತೀನಿ. ರಜೆ ರದ್ದು ಮಾಡಿ."

"ಆಗಲಿ. ರದ್ದು ಮಾಡೋ ಗುಂಡಿ ಎಲ್ಲಿದೆ?"

"ಅದು... ಇನ್ನೂ ಮಾಡಿಲ್ಲ ಸಾರ್."

"ಹಾಗಾದ್ರೆ ನಾಳೆ ಹೇಗೂ ಮನೇಲಿ ಬಿಡುವಾಗಿರ್ತೀರಿ" ಎಂದರು ಮ್ಯಾನೇಜರು ಅಕ್ಕರೆಯಿಂದ. "ಆ ಗುಂಡಿ, ಜೊತೆಗೆ ತಿರಸ್ಕಾರ ತೋರಿಸೋದು, ಎರಡೂ ಮುಗಿಸಿಬಿಡಿ."

ಮರುದಿನ ಸಂಜೆ ಅವನು ಮನೆಯಲ್ಲಿ ಕೋಡಿನ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದಾಗ ಫೋನಿಗೆ ಚಿತ್ರವೊಂದು ಬಂತು: ಮೊಣಕಾಲುದ್ದ ಅಲೆಯಲ್ಲಿ ನಿಂತು ಚಿಕ್ಕ ಹುಡುಗಿಯಂತೆ ನಗುತ್ತಿರುವ ಅತ್ತೆ. ಅದರ ಬೆನ್ನಿಗೇ ಮ್ಯಾನೇಜರ ಸಂದೇಶ: "ಎಲ್ಲಿಗೆ ಬಂತು? ಆಯಿತಾ?"

ಚಕ್ರಪಾಣಿ ನಿಟ್ಟುಸಿರು ಬಿಟ್ಟು ಉತ್ತರ ಬರೆದ: "ತಿರುಗ್ತಾ ಇದೆ ಸಾರ್."