ಒರೆಸುವ ಕೈ, ಮರೆತ ಕಾರು

ಬೆಳಿಗ್ಗೆ ಎದ್ದು ಅಡುಗೆಕಟ್ಟೆ ಒರೆಸದೆ ನನಗೆ ಹಾಲು ಕಾಯಿಸಲು ಮನಸ್ಸು ಬರುವುದಿಲ್ಲ. ರಾತ್ರಿ ಒರೆಸಿಯೇ ಮಲಗಿರುತ್ತೇನೆ, ಆದರೂ. ಆ ಶುಕ್ರವಾರವೂ ಕಟ್ಟೆ ಒರೆಸಿದೆ, ಮಗಳ ಡಬ್ಬಿ ತುಂಬಿದೆ, ಅವಳು ಬಿಟ್ಟಿದ್ದ ಟೋಸ್ಟಿನ ಅಂಚನ್ನು ನಿಂತೇ ತಿಂದೆ. ಈ ಒರೆಸುವ ಚಟ ಕಾನ್ವೆಂಟಿನಿಂದ ಅಂಟಿಸಿಕೊಂಡು ಬಂದ ಕಾಯಿಲೆ. ಅಲ್ಲಿ ಒಮ್ಮೆ ಇನ್‌ಸ್ಪೆಕ್ಟರಿಗೆ ತೋರಿಸಲೆಂದು ಸಿಸ್ಟರ್ ಒಂದು ಗಂಟೆ ನಿಂತು ಬರೆದಿದ್ದ ಬೋರ್ಡನ್ನು, ಆತ ಬರುವ ಐದು ನಿಮಿಷ ಮೊದಲು ಶುಭ್ರವಾಗಿ ಒರೆಸಿಟ್ಟವಳು ನಾನೇ.

ಅಂದು ನಮ್ಮ ಹಳೇ ಕಾರಿನ ಹೊಗೆ ಪರೀಕ್ಷೆ. ಶನಿವಾರಕ್ಕೆ ರಿಜಿಸ್ಟ್ರೇಷನ್ ಮುಗಿಯುತ್ತಿತ್ತು; ಪರೀಕ್ಷೆ ಪಾಸಾಗದೆ ಅದು ನವೀಕರಣವಾಗದು, ಕಾರು ರಸ್ತೆಗಿಳಿಯುವಂತಿಲ್ಲ. ಭಾನುವಾರ ಅಮ್ಮ ಮೊದಲ ಸಲ ಸಿಡ್ನಿಗೆ ಬರುವವಳಿದ್ದಳು. "ನಾನೇ ಡ್ರೈವ್ ಮಾಡ್ಕೊಂಡ್ ಬಂದು ಕರ್ಕೊಂಡ್ ಹೋಗ್ತೀನಮ್ಮ" ಎಂದು ಫೋನಿನಲ್ಲಿ ಸಾಕಷ್ಟು ಜಂಬ ಕೊಚ್ಚಿಕೊಂಡಿದ್ದೆ.

ಹಿಂದಿನ ವಾರ ಮೆಕ್ಯಾನಿಕ್ ಒಂದು ಸೆನ್ಸರ್ ಬದಲಿಸಿದಾಗ ಕಾರಿನ ಕಂಪ್ಯೂಟರ್ ಎಲ್ಲವನ್ನೂ ಮರೆತುಬಿಟ್ಟಿತ್ತು. ಅದು ತನ್ನ ಒಂದೊಂದೇ ಅಂಗವನ್ನು ತಾನೇ ತಪಾಸಣೆ ಮಾಡಿಕೊಂಡು ಮುಗಿಸುವವರೆಗೆ ಪರೀಕ್ಷೆ ಇಲ್ಲವಂತೆ. ರಾತ್ರಿಯೆಲ್ಲ ತಣ್ಣಗೆ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಬೇಕು, ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಬೇಕು, ಟ್ಯಾಂಕ್ ಪೂರ್ತಿ ತುಂಬಿಸಬಾರದು ಎಂದೆಲ್ಲ ಆತ ಹೇಳಿದ. ಬಾಣಂತಿಯ ಪಥ್ಯವೂ ಇಷ್ಟು ಕಟ್ಟುನಿಟ್ಟಲ್ಲ. ವಾರವಿಡೀ ನಮ್ಮ ಬಡಾವಣೆ ಗಿರಾವೀನಿನಿಂದ ಹೊರಟು, ಎಲ್ಲಿಗೂ ಹೋಗದೆ ಗಿರಾವೀನಿಗೇ ವಾಪಸು ಬಂದೆ. ಹಿಂದೆ ಕೂತ ಮಗಳು ಎರಡು ಸಲ "ಅಮ್ಮಾ, ಆರ್ ವೀ ಲಾಸ್ಟ್?" ಎಂದು ಕೇಳಿದಳು.

ನಮ್ಮವರು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದ್ದ ಬೆರಳುದ್ದದ ಸಾಧನ, ಕಾರಿನ ಈ ತಪಾಸಣೆಗಳ ಪ್ರಗತಿಯನ್ನು ನನ್ನ ಫೋನಿಗೆ ಕಳಿಸುತ್ತಿತ್ತು. ಶುಕ್ರವಾರ ಗ್ಯಾರೇಜಿನ ಮುಂದೆ ನಿಲ್ಲಿಸಿ ನೋಡಿದರೆ ಎಂಟಕ್ಕೆ ಎಂಟೂ ಹಸಿರು. ಕಣ್ಣು ತುಂಬಿ ಬಂತು. ಆದರೆ ಕೆಳಗೆ, ಯಾವುದೋ ಹಳೇ ದೋಷದ ಕೆಂಪು ಗೆರೆ ಒಂದಿತ್ತು. ಪಕ್ಕದಲ್ಲೇ 'ಕ್ಲಿಯರ್' ಎಂಬ ಬಟನ್. ಪರೀಕ್ಷಕರ ಮುಂದೆ ಕಲೆ ಇಟ್ಟುಕೊಂಡು ಹೋಗುವುದೇ? ಒತ್ತಿದೆ. ಕೆಂಪು ಹೋಯಿತು. ಹಿಂದೆಯೇ ಎಂಟು ಹಸಿರೂ ಹೋದವು. ಕಾರು ಮತ್ತೆ ಎಲ್ಲವನ್ನೂ ಮರೆತಿತ್ತು.

ಮೆಕ್ಯಾನಿಕ್ ಪರದೆಯನ್ನೂ ನನ್ನನ್ನೂ ನೋಡಿ, ಇನ್ನೊಂದು ವಾರ ಓಡಿಸಮ್ಮ ಎಂಬರ್ಥದಲ್ಲಿ ಏನೋ ಅಂದ. ನಮ್ಮವರಿಗೆ ಫೋನ್ ಮಾಡಿದೆ. "ಬಟನ್ ಬಿಟ್ಟು ಇನ್ನೇನೂ ಒರೆಸಿಲ್ಲ ತಾನೇ?" ಎಂದರು. ಡ್ಯಾಶ್‌ಬೋರ್ಡ್ ಒರೆಸಿದ್ದನ್ನು ನಾನು ಹೇಳಲಿಲ್ಲ.

ಸಂಜೆ ಪಕ್ಕದ ಮನೆಯ ಧಾರವಾಡದ ಗಿರಿಜಕ್ಕ ಕಸದ ಬಿನ್ ಎಳೆದುಕೊಂಡು ಹೊರಗೆ ಬಂದಾಗ ಎಲ್ಲ ಹೇಳಿಕೊಂಡೆ. "ಅಷ್ಟಕ್ಕ ಯಾಕ ಮಾರಿ ಸಣ್ಣದು ಮಾಡೀರಿ? ರವಿವಾರ ನಮ್ಮ ಗಾಡಿ ಒಯ್ರಿ, ನೀವ ನಡಸ್ಕೊಂಡು ಹೋಗಿ ಅಮ್ಮನ್ನ ಕರಕೊಂಡು ಬರ್ರಿ" ಎಂದು ಅಲ್ಲೇ ಕೀಲಿ ಕೊಟ್ಟರು. ಕೃತಜ್ಞತೆಯಿಂದ ಅವರ ಕಾರಿನತ್ತ ನೋಡಿದೆ. ಕಿಟಕಿಯೊಳಗೆ ಸೀಟಿನ ತುಂಬ ಚಿಪ್ಸಿನ ಪುಡಿ. ಗಿರಿಜಕ್ಕ ನನ್ನ ಕಣ್ಣು ಹೋದ ಕಡೆ ನೋಡಿ, ಬಿನ್ ಸರಿಸುತ್ತಲೇ ಹೇಳಿದರು:

"ಅದೆಲ್ಲಾ ಹಂಗ ಇರ್ಲಿ ಬಿಡ್ರಿ. ನಮ್ಮ ಗಾಡಿ ಇನ್ನೂ ಎಲ್ಲಾ ನೆನಪಿಟ್ಕೊಂಡೈತಿ."