ವಕೀಲರಿಗೆ ಬಾಡಿಗೆಗೆ ಇಲ್ಲ

ನಾವಿಬ್ಬರು ಹೆಂಗಸರು ಸೇರಿ ಪೀಣ್ಯದಲ್ಲಿ ಸ್ವಂತ ಲಾ ಫರ್ಮ್ ತೆರೆದ ದಿನದಿಂದ ಅಲ್ಲಿ ಏನಾದರೊಂದು ನಡೆಯುತ್ತಲೇ ಇದೆ. ಕೇಸಿಗಾದರೆ ವಾಯಿದೆ ಸಿಗುತ್ತದೆ, ಇಂಥವಕ್ಕೆ ಮಾತ್ರ ಯಾವತ್ತೂ ವಾಯಿದೆ ಇಲ್ಲ.

ನನ್ನ ಪಾರ್ಟ್‌ನರ್ ಕಾಲೇಜಿನಿಂದಲೂ ನನ್ನ ಗೆಳತಿ. ಇಬ್ಬರೂ ಎಂಟು ವರ್ಷ ಬೇರೆ ಬೇರೆ ಸೀನಿಯರ್‌ಗಳ ಹಿಂದೆ ಫೈಲು ಹೊತ್ತು ತಿರುಗಿ, ಇನ್ನು ಸಾಕು ಅಂತ ಒಂದು ದಿನ ಒಟ್ಟಿಗೇ ನಿರ್ಧಾರ ಮಾಡಿದೆವು. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಮೂಗು ಎಲ್ಲರ ವಿಷಯದಲ್ಲೂ ತೂರುತ್ತದೆ. ಯಾರು ಏನು ಮಾಡಿದರೂ ಯಾಕೆ ಹಾಗೆ ಮಾಡಿದರು ಅಂತ ತಿಳಿಯುವವರೆಗೆ ನನಗೆ ಊಟ ಸೇರುವುದಿಲ್ಲ. ಈ ಎರಡು ಮೂಗುಗಳ ಮೇಲೆ ನಮ್ಮ ಫರ್ಮ್ ನಿಂತಿದೆ.

ನೀವೆಲ್ಲಿ ಲಾಯರು

ಮೊದಲ ಕಷ್ಟ ಜಾಗದ್ದು. ಬೆಂಗಳೂರಿನಲ್ಲಿ ಓನರ್‌ಗಳು ಲಾಯರ್‌ಗಳಿಗೆ ಬಾಡಿಗೆಗೆ ಕೊಡುವುದಿಲ್ಲ. ಪೊಲೀಸರಿಗೂ ಕೊಡುವುದಿಲ್ಲ. ಒಳಗೆ ಬಿಟ್ಟರೆ ಮತ್ತೆ ಖಾಲಿ ಮಾಡುವುದಿಲ್ಲ ಅನ್ನುವ ಭಯ. ನಾಗಸಂದ್ರ ಮೆಟ್ರೋ ಸ್ಟೇಷನ್ನಿನಿಂದ ಹಿಡಿದು ಪೀಣ್ಯದ ಒಳರಸ್ತೆಗಳವರೆಗೆ ಮೂರು ತಿಂಗಳು ಅಲೆದೆವು. ಒಬ್ಬರು ಆಂಟಿ ನಮ್ಮನ್ನು ಕೂರಿಸಿ, ಊರು ಕೇಳಿ, ಕಾಫಿ ಇಟ್ಟು, ಆಮೇಲೆ ಕೆಲಸ ಕೇಳಿದರು. "ಲಾಯರ್" ಅಂದೆವು. "ಅಯ್ಯೋ, ನಿನ್ನೆ ತಾನೇ ಅಡ್ವಾನ್ಸ್ ತಗೊಂಡ್ಬಿಟ್ವಲ್ಲ!" ಅಂದರು. ಕಾಫಿ ಒಲೆಯ ಮೇಲೇ ಉಳಿಯಿತು. ಗೇಟಿನ ಮೇಲೆ ಟು-ಲೆಟ್ ಬೋರ್ಡು ಹಾಗೇ ನೇತಾಡುತ್ತಿತ್ತು.

ಕೊನೆಗೆ ಒಂದು ಮೂರಂತಸ್ತಿನ ಕಟ್ಟಡ ಕಂಡಿತು. ಕೆಳಗೆ ಒಂದು ನಟ್ಟು-ಬೋಲ್ಟಿನ ಅಂಗಡಿ, ಪಕ್ಕದಲ್ಲಿ ಒಂದು ಖಾಲಿ ಶಟರ್. ಮೊದಲ ಮಹಡಿ ಖಾಲಿ, ಎರಡನೆಯದರಲ್ಲಿ ಓನರ್. ಬೋರ್ಡಿನಲ್ಲೇ ಬರೆದಿತ್ತು: "ಬಾಡಿಗೆಗೆ ಇದೆ. ವಕೀಲರಿಗೆ, ಪೊಲೀಸರಿಗೆ ಕೊಡಲಾಗುವುದಿಲ್ಲ."

"ನಡಿ, ಹೋಗೋಣ" ಅಂದಳು ಪಾರ್ಟ್‌ನರ್.

"ಇರು, ಯಾಕೆ ಕೊಡಲ್ಲ ಅಂತಾದ್ರೂ ಕೇಳ್ಕೊಂಡು ಹೋಗೋಣ" ಅಂದೆ.

ಓನರ್ ಆ ಊರಿನ ಹಳೇ ಮನೆತನದವರು. ಫ್ಯಾಕ್ಟರಿಗಳು ಬರುವ ಮುಂಚೆ ಅವರಪ್ಪ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಅಂಗಿಯ ಮೇಲೊಂದು ಟವಲ್ಲು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

"ಖಾಲಿ ಮಾಡಾಕಿಲ್ಲ ಕಣಮ್ಮ ಅವ್ರು. ಕೇಳಿದ್ರೆ ನಮ್ ಮೇಲೇ ಕೇಸ್ ಆಕ್ತಾರೆ. ಅದ್ಸರಿ, ನೀವೇನ್ ಕೆಲ್ಸ ಮಾಡ್ತೀರ?"

"ನಾವೂ ಲಾಯರ್‌ಗಳೇ ಸಾರ್."

ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮನಸಾರೆ ನಕ್ಕರು. "ನೀವೆಲ್ಲಿ ಲಾಯರು ಬಿಡಮ್ಮ! ನಾನ್ ಏಳ್ತಿರೋದು ಗಂಡಸ್ರು ಲಾಯರ್‌ಗಳ್ನ. ನೀವು ಎಣ್ಮಕ್ಳು, ಏನೋ ಅರ್ಜಿಗಿರ್ಜಿ ಬರ್ಕೊಂಡು ಇರ್ತೀರ. ಅನ್ನೊಂದು ತಿಂಗ್ಳು ನೋಡಾನ."

ಪಾರ್ಟ್‌ನರ್ ಮೂಗು ಕೆಂಪಾಯಿತು. ನಾನು ಅವಳ ಕೈ ಚಿವುಟಿದೆ. ಹನ್ನೊಂದು ತಿಂಗಳ ಅಗ್ರಿಮೆಂಟನ್ನು ಅವಳೇ ಬರೆದಳು. ಓನರ್ ಓದದೆಯೇ ಸೈನ್ ಹಾಕಿದರು.

ಮೆಟ್ಟಿಲಿಳಿಯುತ್ತಾ ಅವಳು, "ಎಂಥ ಅವಮಾನ ಆಯ್ತಲ್ಲೇ!" ಅಂದಳು.

"ಅವಮಾನಾನೂ ಆಯ್ತು, ಆಫೀಸೂ ಆಯ್ತು" ಅಂದೆ.

ಬುಧವಾರ ಹನ್ನೆರಡು ಗಂಟೆ

ದೊಡ್ಡನೆಕ್ಕುಂದಿಯಿಂದ ಅಣ್ಣತಮ್ಮಂದಿರಿಬ್ಬರು ಬಂದರು. ಇಬ್ಬರಿಗೂ ಅರವತ್ತರ ಆಸುಪಾಸು. ಊರಿನ ಆ ತುದಿಯಿಂದ ಈ ತುದಿಗೆ ಯಾಕೆ ಬಂದಿರಿ ಅಂತ ಕೇಳಿದೆ. ಹತ್ತಿರದಲ್ಲೇ ಲಾಯರ್ ಹಿಡಿದರೆ ನೆಂಟರಿಗೆಲ್ಲ ಗೊತ್ತಾಗುತ್ತದಂತೆ. ಜಗಳ ಅವರ ಮನೆಗಳ ನಡುವಿನ ಎರಡಡಿ ಸಂದಿಯದ್ದು. ತಮ್ಮ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ, ಅಣ್ಣನಿಗೆ ಹೋಗಲು ಬರಲು ದಾರಿಯಿಲ್ಲ. ಇಬ್ಬರೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು, ಬಂದದ್ದೂ ಬೇರೆ ಬೇರೆ ಬಸ್ಸಿನಲ್ಲಿ.

ಹೇಗೋ ಒಂದು ರಾಜಿ ಪತ್ರ ತಯಾರು ಮಾಡಿ, ಸೈನ್ ಹಾಕಲು ಬುಧವಾರ ಹನ್ನೆರಡಕ್ಕೆ ಬನ್ನಿ ಅಂದಿದ್ದೆ. ಅಣ್ಣ ಪೆನ್ನು ತೆಗೆದುಕೊಂಡರು, ಗೋಡೆ ಗಡಿಯಾರ ನೋಡಿದರು, ಪೆನ್ನು ಕೆಳಗಿಟ್ಟರು.

"ಏನಮ್ಮ, ರಾಹುಕಾಲದಲ್ಲಿ ಕರ್ದಿದೀರಲ್ಲ?"

ಎಲ್‌ಎಲ್‌ಬಿಯ ಐದು ವರ್ಷದಲ್ಲಿ ನಮಗಿದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ. ತಮ್ಮನೂ ಗೋಡೆ ನೋಡಿಕೊಂಡೇ, "ಹೌದು, ಒಂದೂವರೆ ಆಗ್ಲಿ" ಅಂದರು. ನಾಲ್ಕು ವರ್ಷದಲ್ಲಿ ಅಣ್ಣನ ಒಂದು ಮಾತಿಗೆ ಅವರು ಒಪ್ಪಿದ್ದು ಅದೇ ಮೊದಲು.

ನಮ್ಮದು ಒಂದೇ ಕೋಣೆ, ಒಂದೇ ಫ್ಯಾನು. ಮೊದಲ ಅರ್ಧ ಗಂಟೆ ಇಬ್ಬರೂ ಎದುರುಬದುರು ಗೋಡೆ ನೋಡಿದರು. ಆಮೇಲೆ ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿಗೆ ಅಣ್ಣ ಮೆಲ್ಲಗೆ ಕೇಳಿದರು: "ಶುಗರ್ ಮಾತ್ರೆ ತಗೊಂಡ್ಯೇನೋ?"

"ಊಟಕ್ಕೆ ಮುಂಚೆ ತಗೊಬೇಕು. ಊಟ ಎಲ್ಲಿ?"

ಅಣ್ಣ ಚೀಲದಿಂದ ಡಬ್ಬಿ ತೆಗೆದರು. ತಮ್ಮ ಇಣುಕಿ ನೋಡಿ, "ಅತ್ತಿಗೆ ಚಿತ್ರಾನ್ನಾನಾ?" ಅಂದರು. ಒಂದೇ ಡಬ್ಬಿಯಲ್ಲಿ ಇಬ್ಬರೂ ತಿಂದರು.

ಒಂದೂವರೆಗೆ ಸರಿಯಾಗಿ ಪಾರ್ಟ್‌ನರ್ ಕಾಗದ ಮುಂದಿಟ್ಟಳು. "ಈಗ ಸೈನ್ ಮಾಡ್ಬಹುದು."

"ಯಾವ ಸೈನಮ್ಮ?" ಅಂದರು ಅಣ್ಣ. ತಮ್ಮ ಆಗಲೇ ಕೈ ತೊಳೆದು ಎದ್ದಿದ್ದರು. "ಸ್ಕೂಟರ್ ಮುಂದ್ಗಡೆ ನಿಲ್ಲಿಸ್ತೀನಿ ಬಿಡಣ್ಣ. ನಡಿ, ಬಸ್ಸು ಸಿಗಲ್ಲ."

ಅಂದಿನಿಂದ ರಾಜಿ ಆಗುವ ಹಾಗಿರುವ ಕಕ್ಷಿದಾರರನ್ನು ಪಂಚಾಂಗ ನೋಡಿ ರಾಹುಕಾಲದಲ್ಲೇ ಕರೆಯುತ್ತೇವೆ. ಅಣ್ಣತಮ್ಮಂದಿರು ಒಟ್ಟಿಗೆ ಇಳಿದು ಹೋದದ್ದನ್ನು ಓನರ್ ಮೆಟ್ಟಿಲ ಮೇಲಿಂದ ನೋಡಿದರು. ಅವರಿಗೆ ಬಹಳ ಸಮಾಧಾನವಾದಂತಿತ್ತು.

"ಜಗ್ಳ ಬಿಡ್ಸಿ ಕಳ್ಸುದ್ರಾ? ನಾನಾವತ್ತೇ ಏಳ್ಲಿಲ್ವಾ, ನೀವು ಲಾಯರ್ರಲ್ಲ ಅಂತ!"

ಮೂರನೆಯ ಕುರ್ಚಿ

ಆಫೀಸಿಗೆ ದೊಡ್ಡ ಕುರ್ಚಿ ಕೊಳ್ಳುವಾಗ ಎರಡು ಸಾಕಿತ್ತು. ಅಂಗಡಿಯವನು ಮೂರರ ಸೆಟ್ ಒಡೆಯುವುದಿಲ್ಲ ಅಂದ. ಹಾಗಾಗಿ ನಮ್ಮಿಬ್ಬರ ನಡುವೆ ಒಂದು ಖಾಲಿ ಕುರ್ಚಿ ಉಳಿಯಿತು. ಪಾರ್ಟ್‌ನರ್ ಕೋರ್ಟಿನಿಂದ ಬಂದವಳೇ ತನ್ನ ಕಪ್ಪು ಕೋಟು ಬಿಚ್ಚಿ ಅದರ ಬೆನ್ನಿಗೆ ಹಾಕುತ್ತಿದ್ದಳು.

ಒಂದು ದಿನ ಯಾದಗಿರಿ ಕಡೆಯ ಒಬ್ಬ ಕಾರ್ಮಿಕ ಬಂದ. ಜೊತೆಗೆ ರೂಮಿನ ಗೆಳೆಯರಿಬ್ಬರು. ತಂಗಿಯ ಮದುವೆಗೆ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿ ಬಂದರೆ, ಕಂಪನಿಯವರು ಗೇಟಿನಲ್ಲೇ ನಿಲ್ಲಿಸಿ ನಾಳೆಯಿಂದ ಬರಬೇಡ ಅಂದಿದ್ದರು. ಇದೆಲ್ಲ ನಮಗೆ ಗೊತ್ತಾಗಲು ಒಂದು ಗಂಟೆ ಹಿಡಿಯಿತು. ಯಾಕೆಂದರೆ ಆ ಒಂದು ಗಂಟೆ ಮೂವರೂ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು.

"ಸಾಹೇಬ್ರು ಯಾವಾಗ ಬರ್ತಾರ್ರಿ?" ಅಂದ ಕೊನೆಗೆ.

"ನಾವೇ ಲಾಯರ್‌ಗಳು, ಹೇಳಿ" ಅಂದೆ.

"ಇರ್ಲಿ ಬಿಡ್ರಿ ಮೇಡಂ, ಸಾಹೇಬ್ರು ಬರ್ಲಿ. ಕುಂದರ್ತೀವಿ."

ಪಾರ್ಟ್‌ನರ್ ತಡೆದುಕೊಂಡಳು, ತಡೆದುಕೊಂಡಳು, ಆಮೇಲೆ ಮೂರನೆಯ ಕುರ್ಚಿಯನ್ನು ಕೈಯಿಂದ ಬಡಿದು, "ಸಾಹೇಬ್ರು ಇಲ್ಲೇ ಇದಾರೆ, ಹೇಳ್ರೀ!" ಅಂತ ಕೂಗಿದಳು.

ಅವನು ಕೋಟು ನೋಡಿದ. ಎದ್ದು ನಿಂತ. ಆ ಕುರ್ಚಿಗೆ ಮುಖ ಮಾಡಿ, ಕೈ ಕಟ್ಟಿಕೊಂಡು, ಮೊದಲಿನಿಂದ ಕೊನೆವರೆಗೆ ಎಲ್ಲವನ್ನೂ ಹೇಳಿದ. ಮಧ್ಯೆ ಅತ್ತ. ನಾನು ಪಕ್ಕದಲ್ಲಿ ಕೂತು ಬರೆದುಕೊಂಡೆ. ಅಷ್ಟು ಸ್ಪಷ್ಟವಾಗಿ ಯಾವ ಕಕ್ಷಿದಾರನೂ ನಮಗೆ ವಿಷಯ ಹೇಳಿರಲಿಲ್ಲ.

ಇದು ಯಾಕೆ ಹೀಗೆ ಅಂತ ತಲೆ ಕೊರೆಯುತ್ತಿತ್ತು. ಮುಂದೊಂದು ದಿನ ಅವನನ್ನೇ ಕೇಳಿದೆ. "ಕೋಟು ಖಾಲಿ ಐತಿ ಅಂತ ನನಗೂ ಗೊತ್ತಿತ್ರಿ ಮೇಡಂ. ಆದ್ರ ಹೆಣ್ಮಕ್ಕಳ ಮುಂದ ಅಳಾಕ ನಾಚ್ಕಿ ಬರ್ತೈತಿ" ಅಂದ. ಆಮೇಲೆ ಆ ಕುರ್ಚಿ ತೆಗೆಯಲು ನನಗೆ ಮನಸ್ಸಾಗಲಿಲ್ಲ.

ಕಂಪನಿಗೊಂದು ನೋಟಿಸ್ ಕಳಿಸಿದೆವು. ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಎರಡು ಸಲ ಹಾಜರಾದೆವು. ಎರಡನೆಯ ಸಲ ಪಾರ್ಟ್‌ನರ್ ಮುಕ್ಕಾಲು ಗಂಟೆ ಮಾತಾಡಿದಳು, ಎದುರು ಕಡೆಯ ಐದು ಜನ ಲಾಯರ್‌ಗಳಿಗೆ ನಡುವೆ ಬಾಯಿ ಹಾಕಲು ಆಗಲಿಲ್ಲ. ಅವನನ್ನು ಕೆಲಸಕ್ಕೆ ವಾಪಸ್ ತೆಗೆದುಕೊಂಡರು. ಮಾರನೆಯ ದಿನ ಪೇಡೆಯ ಡಬ್ಬಿ ಹಿಡಿದು ಬಂದು ಕಟ್ಟಡಕ್ಕೆಲ್ಲ ಹಂಚಿದ. ನಮಗೆ ಎರಡೆರಡು ಕೊಟ್ಟು, ಒಂದನ್ನು ಕಾಗದದ ಮೇಲಿಟ್ಟು ಮೂರನೆಯ ಕುರ್ಚಿಯ ಮೇಲಿಟ್ಟ.

"ಅಲ್ಲಿ ಯಾಕೋ ಇಟ್ಟೆ?" ಅಂದಳು ಪಾರ್ಟ್‌ನರ್.

"ಇರ್ಲಿ ಬಿಡ್ರಿ ಮೇಡಂ. ಒಂದ್ ಮಾತೂ ಆಡ್ಲಿಲ್ಲ, ಆದ್ರ ಸಾಹೇಬ್ರು ಭಾಳ ಛಲೋ ಕೇಳಿಸ್ಕೊಂಡ್ರು."

ಕಾನೂನು ಗೊತ್ತಿರುವ ಬಾಡಿಗೆದಾರರು

ಆ ಪೇಡೆ ಎರಡನೆಯ ಮಹಡಿಗೂ ಹೋಗಿತ್ತು. ನಮ್ಮ ಹನ್ನೊಂದು ತಿಂಗಳು ಮುಗಿಯುತ್ತಾ ಬಂದಿತ್ತು, ಅಗ್ರಿಮೆಂಟ್ ಮುಂದುವರಿಸಬೇಕಿತ್ತು. ಆದರೆ ಓನರ್ ಮೆಟ್ಟಿಲ ಮೇಲೆ ಕೂರುವುದನ್ನೇ ಬಿಟ್ಟಿದ್ದರು. ನಮ್ಮನ್ನು ಕಂಡರೆ ಟವಲ್ಲು ಸರಿ ಮಾಡಿಕೊಂಡು ಒಳಗೆ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಅವರೇ ಕೆಳಗಿಳಿದು ಬಂದು, ಕಕ್ಷಿದಾರರ ಬೆಂಚಿನ ಮೇಲೆ ಕೂತರು.

"ನಂಗೊಂದು ನೋಟಿಸ್ ಬೇಕಿತ್ತಮ್ಮ. ಬಾಡ್ಗೆಯೋರ್ನ ಖಾಲಿ ಮಾಡ್ಸೋಕೆ."

ಹಿಂದಿನ ರಸ್ತೆಯ ಎರಡು ಶೆಡ್‌ಗಳೂ ಅವರವೇ. ಅಲ್ಲಿನವರೇ ಇರಬೇಕು ಅಂದುಕೊಂಡೆವು. "ಯಾರು ಸಾರ್ ಅವರು?" ಅಂದೆ, ನನಗೆ ಸುಮ್ಮನಿರಲು ಆಗುತ್ತದೆಯೇ.

"ಎಸ್ರು ಬ್ಯಾಡ ಬಿಡಮ್ಮ. ಜಾಗ ಖಾಲಿ ಬಿಟ್ಟು ಬರ್ಕೊಡಿ, ನಮ್ ಸೊಸೆ ತುಂಬ್ತಾಳೆ. ಒಸಿ ಜೋರಾಗೇ ಬರೀರಿ. ಅವ್ರಿಗೆ ಕಾನೂನು ಗೊತ್ತು."

ಇಷ್ಟು ಕೇಳಿದ್ದೇ ತಡ, ಪಾರ್ಟ್‌ನರ್‌ಗೆ ಆವೇಶ ಬಂತು. "ಕಾನೂನು ಗೊತ್ತಾ? ಹಾಗಾದ್ರೆ ಕಾನೂನಲ್ಲೇ ಹೇಳ್ತೀನಿ ಅವರಿಗೆ!" ಅಂತ ಎರಡು ಪುಟ ಬರೆದಳು. ಎಲ್ಲೆಲ್ಲಿ ತಪ್ಪಿಸಿಕೊಳ್ಳಬಹುದೋ ಅಲ್ಲೆಲ್ಲ ನಾನು ಒಂದೊಂದು ಸಾಲು ಸೇರಿಸಿ ಬಾಗಿಲು ಮುಚ್ಚಿದೆ. "ಕೈಗೆ ಕೊಡ್ಬೇಡಿ ಸಾರ್, ತಗೊಳ್ಳಲ್ಲ ಅಂತಾರೆ ಅಂಥವರು. ಪೋಸ್ಟ್ ಮಾಡಿ, ಸೈನ್ ತಗೊಂಡು ಕೊಡೋ ಹಾಗೆ" ಅಂತ ಬುದ್ಧಿವಾದವನ್ನೂ ಹೇಳಿದೆ. ಓನರ್ ಕೈ ಮುಗಿದು ಎದ್ದು ಹೋದರು.

ಮೂರನೆಯ ದಿನ ಪೋಸ್ಟ್‌ಮ್ಯಾನ್ ಬಂದ. ಸೈನ್ ಹಾಕಿ ಒಡೆದು ನೋಡಿದರೆ ಅದೇ ಎರಡು ಪುಟ. ಖಾಲಿ ಬಿಟ್ಟಿದ್ದ ಜಾಗದಲ್ಲಿ ಮುದ್ದಾದ ಅಕ್ಷರದಲ್ಲಿ ನಮ್ಮಿಬ್ಬರ ಹೆಸರು.

ಮತ್ತೆ ಮೂರು ತಿಂಗಳು ಬೀದಿ ಅಲೆಯುವುದು, ಮತ್ತೆ ಅದೇ ಒಲೆಯ ಮೇಲಿನ ಕಾಫಿ. ಈಗಷ್ಟೇ ನಾಲ್ಕು ಜನ ನಮ್ಮ ಮೆಟ್ಟಿಲು ಗುರುತು ಹಿಡಿದಿದ್ದರು. ಈ ಆಫೀಸು ಹೋದರೆ ಇಬ್ಬರೂ ಮತ್ತೆ ಯಾರದೋ ಫೈಲು ಹೊರಬೇಕಿತ್ತು. ಪಾರ್ಟ್‌ನರ್ ಪೆನ್ಸಿಲ್ ಹಿಡಿದು ನೋಟಿಸನ್ನು ಮೂರು ಸಲ ಓದಿದಳು. ಉತ್ತರ ಕೊಡಲು ಒಂದು ಸಂದಿಯೂ ಸಿಗಲಿಲ್ಲ. ಪೆನ್ಸಿಲ್ ಬಿಸಾಡಿದಳು.

"ಯಾವ ಪಾಪಿ ಬರೆದಿದ್ದು ಇದನ್ನ!"

"ನೀನೇ" ಅಂದೆ.

ನೋಟಿಸ್ ಹಿಡಿದು ಇಬ್ಬರೂ ಮೇಲೆ ಹೋದೆವು. ಓನರ್ ಬಾಗಿಲಲ್ಲೇ ನಿಂತಿದ್ದರು. "ಬಂತಾ?" ಅಂದರು, ತಪ್ಪು ಮಾಡಿದವರ ಹಾಗೆ.

"ಬಂತು ಸಾರ್. ನಾವೇನು ಮಾಡಿದ್ವಿ?"

"ಆ ಪೇಡೆ ಉಡ್ಗ ಎಲ್ಲಾ ಏಳ್ದ. ಐದು ಜನ ಲಾಯರ್ರ ಬಾಯಿ ಮುಚ್ಸಿದ್ರಂತೆ. ನೀವು ನಿಜ್ವಾದ ಲಾಯರ್ರು ಅಂತ ಮೊದ್ಲೇ ಯಾಕಮ್ಮ ಏಳ್ಲಿಲ್ಲ?"

"ಮೊದಲ ದಿನಾನೇ ಹೇಳಿದ್ವಲ್ಲ ಸಾರ್!"

"ಏಳಿದ್ರಿ. ನಂಬೋ ಅಂಗೆ ಏಳ್ಬೇಕಲ್ವಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ನಮ್ಮನ್ನು ನಿಜವಾದ ಲಾಯರ್ ಅಂದ ಮೊದಲ ಮನುಷ್ಯ ಇವರು, ಅದೇ ಕಾರಣಕ್ಕೆ ಹೊರಗೆ ಹಾಕುತ್ತಿದ್ದಾರೆ. ಪಾರ್ಟ್‌ನರ್‌ಗೆ ಯಾಕೋ ಆವತ್ತು ಸಿಟ್ಟೇ ಬರಲಿಲ್ಲ. "ನೋಟಿಸ್‌ನಲ್ಲಿ ತಪ್ಪಿಲ್ಲ ಸಾರ್. ತಿಂಗಳ ಕೊನೆಗೆ ಖಾಲಿ ಮಾಡ್ತೀವಿ" ಅಂದಳು.

ಓನರ್ ಕಣ್ಣು ಪಿಳಿಪಿಳಿ ಬಿಟ್ಟರು. "ಕೇಸ್ ಆಕಾಕಿಲ್ವಾ?"

"ಇಲ್ಲ."

"ಸ್ಟೇ ತರಾಕಿಲ್ವಾ?"

"ನಾವೇ ಬರೆದ ನೋಟಿಸ್‌ಗೆ ನಾವೇ ಸ್ಟೇ ತರೋದಾ ಸಾರ್?"

ಅವರು ಟವಲ್ಲು ತೆಗೆದು ಮುಖ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತರು. "ಅಲ್ಲಾ, ನೀವ್ ಓದ್ಮೇಲೆ ಬೇರೆ ಯಾರೋ ಬತ್ತಾರೆ. ಅವ್ರು ಖಾಲಿ ಮಾಡಾಕಿಲ್ಲ ಅಂತಾರೆ. ಆಗ ನಂಗೆ ಇಂಥ ನೋಟಿಸ್ ಬರ್ಕೊಡೋರು ಯಾರು?"

ಅವರೇ ಕೈ ಚಾಚಿದರು.

"ಕೊಡ್ರಮ್ಮ ಇಲ್ಲಿ ಅದ್ನ. ವಾಪಸ್ ತಗೊಂಡೆ."

"ಹಾಗೆಲ್ಲ ಬಾಯಿಮಾತಲ್ಲಿ ಆಗಲ್ಲ ಸಾರ್, ಬರೆದು ಕೊಡ್ಬೇಕು" ಅಂದಳು ಪಾರ್ಟ್‌ನರ್. ಆ ಗಳಿಗೆಯಲ್ಲೂ!

"ಅದ್ನೂ ನೀವೇ ಬರೀರಿ ಮತ್ತೆ."

ಬರೆದೆವು. ಹೊಸ ಅಗ್ರಿಮೆಂಟನ್ನೂ ಬರೆದೆವು. ಈ ಸಲ ಅವರು ಕನ್ನಡಕ ಹಾಕಿಕೊಂಡು, ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಸಾಲನ್ನೂ ಎರಡೆರಡು ಸಲ ಓದಿಸಿದರು. ನನಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾರೂ ಕೊಟ್ಟಿಲ್ಲ.

ಮುಂದಿನ ವಾರ ಕೆಳಗಿನ ಖಾಲಿ ಶಟರ್‌ಗೆ ಹೊಸ ಬೋರ್ಡು ಬಂತು. ಮೊದಲ ಸಾಲುಗಳು ಹಳೆಯವೇ: "ಬಾಡಿಗೆಗೆ ಇದೆ. ವಕೀಲರಿಗೆ, ಪೊಲೀಸರಿಗೆ ಕೊಡಲಾಗುವುದಿಲ್ಲ." ಅದರ ಕೆಳಗೆ ಕೆಂಪು ಬಣ್ಣದಲ್ಲಿ, ಸೊಸೆಯ ಮುದ್ದಾದ ಅಕ್ಷರದಲ್ಲಿ ಇನ್ನೊಂದು ಸಾಲು:

"ಖಾಲಿ ಮಾಡದವರ ಗಮನಕ್ಕೆ: ನಿಜವಾದ ವಕೀಲರು ಮೊದಲ ಮಹಡಿಯಲ್ಲೇ ಇದ್ದಾರೆ."