ಮೂವರು ಮೊಂಡರ ಚೀನೀ ಬಾಲಬೋಧೆ

ಯಾರೂ ಬೇಡದ ಪುಸ್ತಕ ಬರೆಯಲು ಕೂತವರ ಸುತ್ತ ಇಂಥ ಪ್ರಸಂಗಗಳು ತಾವಾಗಿಯೇ ನಡೆಯುತ್ತಿರುತ್ತವೆ; ಕಟ್ಟಿ ಹೇಳುವ ಅಗತ್ಯ ಬೀಳುವುದಿಲ್ಲ.

ಐವತ್ತರ ದಶಕದಲ್ಲಿ ನಾವು ಮೂವರು ಮುಂಬಯಿಯಲ್ಲಿ ಕೂತು ಕನ್ನಡಿಗರಿಗಾಗಿ ಚೀನೀ ಭಾಷೆಯ ಬಾಲಬೋಧೆಯೊಂದನ್ನು ಸಿದ್ಧಪಡಿಸುತ್ತಿದ್ದೆವು. ನಾನು ಕನ್ನಡ ಶಾಲೆಯ ಮಾಸ್ತರ, ಊರು ಉಡುಪಿಯ ಕಡೆ. ಗೆಳೆಯ ಧಾರವಾಡದವನು, ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ಮೂರನೆಯವರು ಗ್ರಾಂಟ್ ರೋಡಿನ ಚೀನೀ ದಂತವೈದ್ಯರು. ಅವರಿಗೆ ಕನ್ನಡ ಬಾರದು, ಮುಂಬಯಿ ಹಿಂದಿ ಮಾತ್ರ ನಮಗಿಂತ ಚೆನ್ನಾಗಿ ಬರುತ್ತಿತ್ತು. ರಸ್ತೆಯಲ್ಲಿ ಎಲ್ಲರೂ ಚೀನದವರನ್ನು ಭಾಯಿ ಭಾಯಿ ಎನ್ನುತ್ತಿದ್ದ ಕಾಲ. ಆ ಭಾಯಿಯ ಜೊತೆ ಅವನದೇ ಭಾಷೆಯಲ್ಲಿ ಎರಡು ಮಾತಾಡೋಣ ಎಂದರೆ, "ಅದೆಲ್ಲ ಯಾಕೆ?" ಎನ್ನುತ್ತಿದ್ದರು. ಮೊದಮೊದಲು ಕಾರಣ ಹೇಳುತ್ತಿದ್ದೆವು. ಆಮೇಲೆ ಬಿಟ್ಟೆವು.

ಅಚ್ಚು ಹಾಕಿಸಲು ಮಾಟುಂಗದ ಸಂಘವೊಂದು ಒಪ್ಪಿತ್ತು. ಅದರ ಅಧ್ಯಕ್ಷರು ಹೋಟೆಲಿನ ಯಜಮಾನರು. ಅವರಿಗೆ ಪುಸ್ತಕದ ಎರಡು ಸಂಗತಿ ಹಿಡಿಸಿರಲಿಲ್ಲ. ಚೀನೀ ಉಚ್ಚಾರವನ್ನು ನಾವು ಇಂಗ್ಲಿಷ್ ಅಕ್ಷರದಲ್ಲಿ ಬರೆಯದೆ ಕನ್ನಡ ಅಕ್ಷರದಲ್ಲಿ ಬರೆದದ್ದು ಒಂದು; ಸ್ವರದ ಏರಿಳಿತಕ್ಕೆಂದು ಇಡೀ ಅಧ್ಯಾಯವನ್ನೇ ಕೊಟ್ಟದ್ದು ಇನ್ನೊಂದು. ಎರಡನ್ನೂ ಬಿಡುವುದಿಲ್ಲ ಎಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಇಂಗ್ಲಿಷಿನವನ ಅಂಗಳ ಹಾಯದೆ ಕನ್ನಡದವನು ಚೀನದವನ ಮನೆಗೆ ಹೋಗಬಾರದೆಂದು ಯಾರು ಹೇಳಿದರು?

ಮಾಯ್, ಮಾಯ್

ವೈದ್ಯರಿಗೆ ಬಿಡುವಿರಲಿಲ್ಲ. ಒಬ್ಬ ರೋಗಿ ಹೋಗಿ ಇನ್ನೊಬ್ಬ ಬರುವುದರೊಳಗೆ ಗೆಳೆಯ ಆ ಎತ್ತರದ ಕುರ್ಚಿಯಲ್ಲಿ ಕೂತು ಪಾಠ ಹೇಳಿಸಿಕೊಳ್ಳಬೇಕು. ವೈದ್ಯರು ಅವನ ಗಲ್ಲ ಹಿಡಿದು, ನಾಲಿಗೆ ಎಲ್ಲಿರಬೇಕೆಂದು ಪುಟ್ಟ ಕನ್ನಡಿಯಲ್ಲಿ ತೋರಿಸುತ್ತಿದ್ದರು.

ಚೀನೀ ಭಾಷೆಯಲ್ಲಿ 'ಮಾಯ್' ಎಂಬುದನ್ನು ತಗ್ಗಿಸಿ ಎತ್ತಿ ಹೇಳಿದರೆ ಕೊಳ್ಳುವುದು, ಮೇಲಿಂದ ಕೆಳಕ್ಕೆ ಬೀಳಿಸಿ ಹೇಳಿದರೆ ಮಾರುವುದು. ಧಾರವಾಡದ ಗಂಟಲು, ಸಣ್ಣದಲ್ಲ. ಆ ದಿನ ಗೆಳೆಯ ಬಹಳ ಹೊತ್ತು ಕೊಂಡ, ಮಾರಿದ, ಮತ್ತೆ ಕೊಂಡ.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಮರಾಠಿಯವರು. ಅವರ ಭಾಷೆಯಲ್ಲಿ ಮಾಯ್ ಎಂದರೆ ತಾಯಿ. ನಾವು ಪರದೆ ಸರಿಸಿ ಹೊರಗೆ ಬಂದಾಗ ಬೆಂಚು ಖಾಲಿ. ಒಬ್ಬ ಅಜ್ಜಿ ಮಾತ್ರ ದವಡೆ ಹಿಡಿದುಕೊಂಡು ಕೂತಿದ್ದಳು. ಗೆಳೆಯನನ್ನು ಮರುಕದಿಂದ ನೋಡಿ, "ಎಷ್ಟು ಹಲ್ಲು ಕಿತ್ತ, ಮಗಾ?" ಎಂದು ಮರಾಠಿಯಲ್ಲಿ ಕೇಳಿದಳು.

"ಒಂದೂ ಇಲ್ಲ ಆಜಿ. ಬರೇ ಮಾತಾಡಿದ್ವಿ," ಎಂದು ಇವನೂ ಮರಾಠಿಯಲ್ಲೇ ಹೇಳಿದ.

"ಬರೇ ಮಾತಿಗೇ ಇಷ್ಟು ಕೂಗಿಸಿದನಾ?" ಎಂದವಳೇ ಸೆರಗು ಹೊದ್ದು ಎದ್ದುಹೋದಳು.

ತಾ ತಾ

ಚೀನೀಯಲ್ಲಿ 'ಥಾ' ಎಂದರೆ ಅವನು, 'ತಾ' ಎಂದರೆ ದೊಡ್ಡದು. ಈ ವ್ಯತ್ಯಾಸ ತೋರಿಸಲು ಇಂಗ್ಲಿಷಿನವರು ಅಕ್ಷರದ ಪಕ್ಕ, ಮೇಲ್ಗಡೆ, ಅಲ್ಪವಿರಾಮದಂಥ ಒಂದು ಗುರುತು ಅಂಟಿಸಿ ಒದ್ದಾಡುತ್ತಾರೆ. ನಮ್ಮ ವರ್ಣಮಾಲೆಯಲ್ಲಿ ಅದು ಸಿದ್ಧವಾಗಿ ಕೂತಿದೆ. ಬಾಯಲ್ಲಿ 'ಬಾರತ' ಎನ್ನುವವರೂ ಬರೆಯುವಾಗ ಮಹಾಪ್ರಾಣ ಬಿಡುವುದಿಲ್ಲ.

ಮೊದಲ ಪಾಠದ ಕರಡಚ್ಚು ಬಂತು. ಥಾ, ತಾ, ಥಾ, ತಾ ಎಂದು ನಾವು ಜೋಡಿ ಜೋಡಿಯಾಗಿ ಬರೆದುಕೊಟ್ಟ ಪುಟದಲ್ಲಿ ತಾ ತಾ, ತಾ ತಾ, ತಾ ತಾ ಎಂದಷ್ಟೇ ಇತ್ತು. ಅಚ್ಚಿನ ಮೊಳೆ ಜೋಡಿಸುವವ ಮಂಗಳೂರಿನವ. "ಥ ಎಲ್ಲಿ ಹೋಯಿತು ಮಾರಾಯ?" ಎಂದೆ.

"ನನ್ನ ಹತ್ರ ಥ ಮೊಳೆ ಇರುವುದೇ ನಾಲ್ಕೈದು, ಮಾಸ್ಟ್ರೇ. ಕನ್ನಡದಲ್ಲಿ ಯಾರು ಇಷ್ಟು ಥ ಹಾಕ್ತಾರೆ? ನಿಮಗೆ ಕೈತಪ್ಪಿದ್ದು ಅಂತ ನಾನೇ ತಿದ್ದಿದೆ."

ಗೆಳೆಯ ವಾದಕ್ಕೆ ನಿಲ್ಲಲಿಲ್ಲ. ಗಿರಗಾಂವಿನ ಇನ್ನೊಂದು ಮುದ್ರಣಾಲಯದಲ್ಲಿ ಅದೇ ಅಳತೆಯ ಥ ಮೊಳೆಗಳನ್ನು ಕೇಳಿ, ಊಟದ ಡಬ್ಬಿಯಲ್ಲಿ ತುಂಬಿಕೊಂಡು ಲೋಕಲ್‌ನಲ್ಲಿ ತಂದು ಮೇಜಿನ ಮೇಲೆ ಸುರಿದ. "ಇನ್ನ ಹಾಕಪಾ," ಎಂದ.

ಮೊಳೆಯವ ಅವನ್ನು ಬಾಚಿಕೊಳ್ಳುತ್ತ, "ಹಾಕುವಾ. ಆದ್ರೆ ಒಂದು ಮಾತು," ಎಂದ. "ಪುಟದ ತುಂಬ ತಾ ತಾ ಅಂತೀರಿ. ಏನು ತರಬೇಕು ಅಂತ ಒಂದು ಕಡೆಯಾದ್ರೂ ಬರೀಬಾರ್ದಾ?"

ಕೌನ್‌ಸಾ ದಾಂತ್?

ಅಧ್ಯಕ್ಷರು ಲಂಡನ್ನಿನಲ್ಲಿ ಅಚ್ಚಾದ ಚೀನೀ ಪುಸ್ತಕವೊಂದನ್ನು ಎಲ್ಲಿಂದಲೋ ಸಂಪಾದಿಸಿ, ತಾವೇ ವೈದ್ಯರ ಬಳಿಗೆ ಬಂದರು. "ಇಂಗ್ಲಿಷ್ ಅಕ್ಷರ ಓದಿದ್ರೆ ಚೀನದವನಿಗೆ ಅರ್ಥ ಆಗ್ತದೋ ಇಲ್ವೋ, ಈಗ ನೋಡಿ ಮಾಸ್ಟ್ರೇ," ಎಂದು ನನಗೆ ಹೇಳಿ ಕನ್ನಡಕ ಏರಿಸಿದರು. ಕ್ಷೇಮಸಮಾಚಾರ ಕೇಳುವ ವಾಕ್ಯವೊಂದನ್ನು ಬಿಡಿಬಿಡಿಯಾಗಿ, ಗಟ್ಟಿಯಾಗಿ ಓದಿದರು.

ವೈದ್ಯರು ಬಹಳ ಮರ್ಯಾದೆಯ ಮನುಷ್ಯ. ತಲೆ ಬಾಗಿಸಿ ಪೂರ್ತಿ ಕೇಳಿದರು. ಕೈ ತೊಳೆದುಕೊಂಡರು. ದೀಪ ಹಚ್ಚಿ ಕುರ್ಚಿ ತೋರಿಸಿ, ಯಾವ ಹಲ್ಲು ನೋಯುತ್ತಿದೆಯೆಂದು ಮೆಲ್ಲಗೆ ಕೇಳಿದರು:

"ಕೌನ್‌ಸಾ ದಾಂತ್, ಸೇಠ್?"

ಹೂಂ

ಇಂಗ್ಲಿಷ್ ಅಕ್ಷರದ ಮಾತು ಅಲ್ಲಿಗೆ ಮುಗಿಯಿತು. ಏರಿಳಿತದ ಅಧ್ಯಾಯ ಉಳಿದಿತ್ತು. ಅದನ್ನು ತೀರ್ಮಾನಿಸಲು ಸಂಘದ ಸಮಿತಿ ಸೇರಿತು. ನಾವು ಮೂವರೂ ಹೋದೆವು.

ಒಂದೇ ಉಚ್ಚಾರಕ್ಕೆ ನಾಲ್ಕು ಬಗೆಯ ಸ್ವರ, ಸ್ವರ ಬದಲಾದರೆ ಅರ್ಥವೇ ಬೇರೆ ಎಂದು ನಾನು ವಿವರಿಸುತ್ತ ಹೋದೆ. ಅಧ್ಯಕ್ಷರು ಕಣ್ಣು ಅರ್ಧ ಮುಚ್ಚಿ, ಪುರಾಣ ಕೇಳುವವರಂತೆ, "ಹೂಂ…" ಎಂದು ಒಂದೇ ಸಮನೆ ಎಳೆದರು. ಇದಿಲ್ಲದೆ ಉಳಿದ ಪಾಠವೆಲ್ಲ ವ್ಯರ್ಥ ಎಂದೆ. "ಹೂಂ?" ಎಂದು ಹುಬ್ಬಿನ ಜೊತೆ ದನಿಯನ್ನೂ ಏರಿಸಿದರು. "ನಮ್ಮ ಮಂದಿ ಆರಾಮ ಕಲೀತಾರ್ರೀ," ಎಂದ ಗೆಳೆಯ. "ಹೂಊಂ…" ಎಂದು ಅವರ ದನಿ ಹೊಟ್ಟೆಗಿಳಿದು, ನಂಬದೆ, ನಿಧಾನವಾಗಿ ಮೇಲೆ ಬಂತು. ಅಷ್ಟರಲ್ಲಿ ಯಾರೋ ಬಾಗಿಲಲ್ಲಿ ನಿಂತು ಕಾಫಿ ತರಲೇ ಎಂದರು. "ಹೂಂ," ಎಂದು ಕಡಿದು ಹಾಕಿದರು.

ಆಮೇಲೆ ತೀರ್ಪು ಕೊಟ್ಟರು. "ನಮ್ಮ ಭಾಷೆಯಲ್ಲಿ ಇಲ್ಲದ್ದು ನಮ್ಮವರ ಗಂಟಲಿಗೆ ಬರ್ಲಿಕ್ಕಿಲ್ಲ. ಆ ಅಧ್ಯಾಯ ತೆಗೀರಿ. ತೆಗೀದಿದ್ರೆ ಸಂಘ ಅಚ್ಚು ಹಾಕಿಸುವುದಿಲ್ಲ."

"ತೆಗಿಯಂಗಿಲ್ಲರೀ," ಎಂದ ಗೆಳೆಯ.

"ಹಾಗಾದ್ರೆ ಪುಸ್ತಕವೇ ಇಲ್ಲ."

"ಇರಲಿ," ಎಂದೆ ನಾನು. ಎರಡು ವರ್ಷದ ಕೆಲಸ. ಆದರೂ ಅಷ್ಟೇ ಹೇಳಿದೆ.

ಕನ್ನಡ ಬಾರದ ವೈದ್ಯರು ನನ್ನ ತೋಳು ಮುಟ್ಟಿ ಏನಾಯಿತೆಂದು ಕೇಳಿದರು. ನಾಲ್ಕು ಸ್ವರ ನಮ್ಮವರ ಗಂಟಲಿಗೆ ಬರುವುದಿಲ್ಲವಂತೆ ಎಂದು ಹಿಂದಿಯಲ್ಲಿ ತಿಳಿಸಿದೆ. ಅವರಿಗೆ ಆಶ್ಚರ್ಯವಾಯಿತು. "ಸೇಠ್ ತೋ ಅಭೀ ಚಾರೋಂ ಬೋಲಾ," ಎಂದರು, ಈಗಷ್ಟೇ ನಾಲ್ಕನ್ನೂ ಹೇಳಿದರಲ್ಲ ಎಂದು. ಮತ್ತೆ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯುತ್ತ, ಅಧ್ಯಕ್ಷರ ನಾಲ್ಕೂ ಹೂಂಗಳನ್ನು ಸಾಲಾಗಿ ಹೇಳಿ ತೋರಿಸಿದರು. ಒಂದು, ಸಮ. ಎರಡು, ಏರು. ಮೂರು, ಇಳಿದು ಏರು. ನಾಲ್ಕು, ಬೀಳು. ಹುಬ್ಬು ಕೂಡ ಅಧ್ಯಕ್ಷರದೇ.

ಸಮಿತಿಯವರು ಪಂಚೆಯ ಅಂಚಿನಿಂದ ಬಾಯಿ ಮುಚ್ಚಿಕೊಂಡರು. ಗೆಳೆಯ ಮಾತ್ರ ನಗದೆ ಕೇಳಿದ, "ಹಂಗಾರ ಅಧ್ಯಾಯ ಇರಲೇನ್ರೀ?"

ಅಧ್ಯಕ್ಷರು ಅವನನ್ನೇ ದುರುಗುಟ್ಟಿ ನೋಡಿ, "ಹೂಂ," ಎಂದರು.

"ಚೌಥಾ," ಎಂದರು ವೈದ್ಯರು ತಕ್ಷಣ. "ನಾಕನೇದು. ಒಪ್ಪಿಗಿ ಆತು," ಎಂದ ಗೆಳೆಯ.

ಅಧ್ಯಕ್ಷರು ಮೇಜು ಕುಟ್ಟಿದರು. "ಎಂಥ ನಾಲ್ಕನೇದು ಮಾರಾಯ್ರೇ? ಕಿವಿ ಇಲ್ವಾ ನಿಮಗೆ? ನಾನು ಹೇಳಿದ್ದು ಮೂರನೇದು."

ತಾವು ಏನು ಹೇಳಿದೆವೆಂಬುದು ಅವರಿಗೇ ನಿಧಾನವಾಗಿ ತಿಳಿಯಿತು.

ಗೆಳೆಯ ಹಾಳೆಗಳನ್ನು ಜೋಡಿಸಿ ಎದ್ದ. "ಕಲ್ತೇ ಬಿಟ್ರಲ್ರೀ," ಎಂದ. "ನಾಳೆ ಅಚ್ಚಿಗೆ ಕೊಡ್ತೀವಿ."